ನೇಕಾರ ಕೇಳಿದ ಸದ್ದು

“ಗುರುಗಳೇ, ಹುಟ್ಟಿನಿಂದ ಬಂದ ಸ್ವಭಾವಕ್ಕೆ ಮದ್ದುಂಟೇ?” ಎಂದು ಶಿಷ್ಯ ಕೇಳಿದ.

ಗುರು ವೈದ್ಯರು. ಶಿಷ್ಯ ಅವರ ಬಳಿ ವೈದ್ಯವಿದ್ಯೆ ಕಲಿಯುತ್ತಿದ್ದ. ಆ ಬೆಳಿಗ್ಗೆ ಗುರುಗಳಿಲ್ಲದ ಹೊತ್ತಿನಲ್ಲಿ ಹೊಳೆಯಾಚೆಯ ತಾಯಿಯೊಬ್ಬಳು ತನ್ನ ಮಗನನ್ನು ಕರೆತಂದಿದ್ದಳು. ಮಾತಾಡದ, ಯಾರ ಮುಖವನ್ನೂ ನೋಡದ ಮಗ. ತನ್ನ ದವಡೆಗೆ ತಾನೇ ಗುದ್ದಿಕೊಳ್ಳುತ್ತಿದ್ದ. ಶಿಷ್ಯ ಮೆಟ್ಟಿಲ ಮೇಲೆ ನಿಂತೇ, “ಇದು ಇವನ ಹುಟ್ಟುಗುಣ ತಾಯಿ, ಇದಕ್ಕೆ ಮದ್ದಿಲ್ಲ” ಎಂದು ಹೇಳಿ ಕಳಿಸಿದ್ದ. ಅದನ್ನೆಲ್ಲ ಈಗ ಗುರುಗಳಿಗೆ ಹೇಳಿದ. ಅವರು ಭೇಷ್ ಎನ್ನಲಿ ಎಂಬುದು ಅವನ ಆಸೆ.

“ಯಾವ ದವಡೆಗೆ ಗುದ್ದಿಕೊಳ್ಳುತ್ತಿದ್ದ?” ಎಂದರು ಗುರು.

ಶಿಷ್ಯ ಅದನ್ನು ನೋಡಿರಲಿಲ್ಲ. ಗುರು ಕತೆ ಹೇಳಿದರು.

ಒಬ್ಬ ನೇಕಾರನಿದ್ದ. ಅವನಿಗೊಬ್ಬಳೇ ಮಗಳು. ಅವಳಿಗೆ ಮಾತಿಲ್ಲ. ಸದ್ದು ಹೆಚ್ಚಾದರೆ ಮೂಲೆ ಸೇರಿ ಹಿಂದಕ್ಕೂ ಮುಂದಕ್ಕೂ ತೂಗುವಳು. ಊರವರು ಏನೇನೋ ಅಂದರು. ನೇಕಾರ ಕಿವಿಗೆ ಹಾಕಿಕೊಳ್ಳಲಿಲ್ಲ. ಮಗಳು ತೂಗತೊಡಗಿದರೆ ಅವನು ಮಗ್ಗ ನಿಲ್ಲಿಸುವನು, ಹೆಂಡತಿ ಕಿಟಕಿಗೆ ಬಟ್ಟೆ ಇಳಿಬಿಡುವಳು, ಇಬ್ಬರೂ ಹೋಗಿ ಜಗಲಿಯ ಮೇಲೆ ಕೂರುವರು. ಸ್ವಲ್ಪ ಹೊತ್ತಿಗೆ ಅವಳು ತಾನಾಗಿ ಸರಿಹೋಗುವಳು. ಅದೇ ಆ ಮನೆಯ ಪದ್ಧತಿಯಾಯಿತು. ಮಗಳು ಬೆಳೆದು ಅಪ್ಪನಿಗಿಂತ ಚೆಂದದ ಸೆರಗು ನೇಯುವವಳಾದಳು.

ಒಂದು ವರ್ಷ ಅವಳ ತೂಗಾಟ ಹೆಚ್ಚಿತು. ಊಟದ ತಟ್ಟೆ ದೂಡಿದಳು. ನಿದ್ದೆ ಬಿಟ್ಟಳು. ತಂದೆತಾಯಿ ಕಿಟಕಿಗೆ ಬಟ್ಟೆ ಇಳಿಬಿಟ್ಟು ಜಗಲಿಗೆ ಹೋದರು. ಮರುದಿನವೂ ಹೋದರು. ಅವಳ ರೀತಿಯೇ ಹಾಗೆ, ಅವಳ ಪಾಡಿಗೆ ಬಿಡೋಣ ಎಂದುಕೊಂಡರು. ಪ್ರೀತಿಯಿಂದಲೇ ಬಿಟ್ಟರು.

ನೇಕಾರನ ಮಗ್ಗ ಅಜ್ಜನ ಕಾಲದ್ದು. ಸದಾ ಕಿರುಗುಟ್ಟುತ್ತಿತ್ತು. ಆ ಸದ್ದಿಲ್ಲದೆ ಅವನಿಗೆ ಕೈ ಓಡುತ್ತಿರಲಿಲ್ಲ. ಒಂದು ದಿನ ಆ ಕಿರುಗುಟ್ಟುವಿಕೆ ತುಸು ಬೇರೆಯಾಗಿ ಕೇಳಿಸಿತು. ಕೂಡಲೇ ಕೆಲಸ ಬಿಟ್ಟು ಮಗ್ಗದ ಅಡಿಗೆ ತೆವಳಿದ. ಮರದ ಗೂಟವೊಂದು ಸೀಳಿಹೋಗಿತ್ತು. ಅದನ್ನು ಕಿತ್ತುಕೊಂಡು ಹೊರಬರುವಾಗ ಎದುರಿಗೆ ಮಗಳು ಕಂಡಳು. ತೂಗುತ್ತಿದ್ದಳು. ಆದರೆ ಹಿಂದಕ್ಕೂ ಮುಂದಕ್ಕೂ ಅಲ್ಲ. ಒಂದು ಮಗ್ಗುಲಿಗೆ ಬಾಗಿ, ಮೊಣಕಾಲನ್ನು ಹೊಟ್ಟೆಗೆ ಒತ್ತಿಕೊಂಡು.

“ಇವಳು ಯಾವಾಗಿನಿಂದ ಹೀಗೆ ಕೂರುತ್ತಾಳೆ?” ಎಂದು ಹೆಂಡತಿಯನ್ನು ಕೇಳಿದ.

“ಯುಗಾದಿ ಕಳೆದ ಮೇಲಿಂದ ಹೀಗೇ ಅಲ್ಲವೇ?” ಎಂದಳು ಅವಳು. ಆಗ ದೀಪಾವಳಿ ಹತ್ತಿರ ಬಂದಿತ್ತು.

ನೇಕಾರ ಕೈಯಲ್ಲಿದ್ದ ಗೂಟವನ್ನು ಅಲ್ಲೇ ಬಿಸುಟ. ಮರದ ಸದ್ದು ಬದಲಾದದ್ದನ್ನು ಅಂದೇ ಹಿಡಿದ ಕಿವಿ ಅವನದು. ಮಗಳನ್ನು ಎತ್ತಿಕೊಂಡು ವೈದ್ಯನ ಮನೆಗೆ ಓಡಿದ.

ವೈದ್ಯ ಹೊಟ್ಟೆ ಒತ್ತಿ ನೋಡಿದ. “ಕರುಳಿನಲ್ಲಿ ಹುಣ್ಣಾಗಿದೆ. ಇಂಥವರಿಗೆ ಹೊಟ್ಟೆಯ ತೊಂದರೆ, ನಿದ್ದೆಗೇಡು, ಕೀಲುನೋವು ಉಳಿದವರಿಗಿಂತ ಹೆಚ್ಚಾಗಿಯೇ ಬರುತ್ತವೆ. ಬಾಯಿಬಿಟ್ಟು ಹೇಳಲಾರರು, ನಾವೇ ನೋಡಬೇಕು. ತಡ ಮಾಡಿದೆಯಲ್ಲಪ್ಪ” ಎಂದ.

ಗುರು ಅಲ್ಲಿಗೆ ನಿಲ್ಲಿಸಿದರು.

“ಆ ಮಗಳು ಉಳಿದಳೇ?” ಎಂದು ಶಿಷ್ಯ ಕೇಳಿದ.

“ಅದು ಮುಗಿದ ಕತೆ, ಬೆಳಿಗ್ಗೆ ನೀನು ಕಳಿಸಿದವರು ಇನ್ನೂ ಹೊಳೆ ದಾಟಿರಲಾರರು” ಎಂದರು ಗುರು.