ನವಿಲು ಬೇಡ ಅಂದಾಕೆಯ ಗೋಡೆ

"ಅಮ್ಮಾರೆ, ತುಳಸಿಕಟ್ಟೆಗೆ ಬಣ್ಣದ ಟೈಲ್ಸ್ ಚಿತ್ರ ಬರಿ, ತಾವರೆ ಬೇಡ ಅಂತ ಫೋನಿನ ಎಐಗೆ ಬರೆದ್ರೆ, ತಾವರೆ ಕೆರೇನೇ ತಂದು ಸುರೀತೈತಿ. ಹೆಂಗೆ ಬರೆದ್ರೆ ಅದಕ್ಕೆ ತಿಳೀತೈತಿ?" ಅಂತ ಹಾಲಮ್ಮ ಕೇಳಿದಳು.

ಟೈಲ್ಸ್ ಮೇಲೆ ಚಿತ್ರ ಬಿಡಿಸೋದು ಕಲಿಸೋ ಕೊಟ್ರಮ್ಮ ಕುಂಚ ತೊಳೆದಿಟ್ಟು ಕತೆ ಹೇಳಿದರು.

ಒಬ್ಬ ಖಾನಾವಳಿಯಾಕೆ ಇದ್ದಳು. ರೊಟ್ಟಿ ಬಡಿದರೆ ಓಣಿಗೆಲ್ಲ ಕೇಳೋದು, ಬಾಯಿ ಬಿಟ್ಟರೆ ಆಚೆ ಓಣಿಗೂ ಕೇಳೋದು. ಎದುರಿಗೆ ಇನ್ನೊಬ್ಬಾಕೆ ಖಾನಾವಳಿ ತೆಗೆದು, ಗೋಡೆ ತುಂಬ ನವಿಲಿನ ಟೈಲ್ಸ್ ಹಚ್ಚಿಸಿದಳು. ಉಣ್ಣೋರು ಅತ್ತ ಹೋದರು. ಈಕೆಯ ರೊಟ್ಟಿ ಬುಟ್ಟಿಯಲ್ಲೇ ಉಳಿದವು. ಹಿಂಗೇ ಆದರೆ ಒಲೆ ಆರಿಸೋದೇ ಅಂತ ಆಕೆಗೆ ದಿಗಿಲಾತು.

ತಾನೂ ಗೋಡೆಗೆ ಟೈಲ್ಸ್ ಹಚ್ಚಿಸಬೇಕಂತ ಹೊರಟಳು. ಚಿತ್ರ ತಂದರೆ ಹಂಗೇ ಟೈಲ್ಸ್ ಸುಟ್ಟು ಕೊಡ್ತೀನಿ ಅಂದ ಟೈಲ್ಸಿನವನು. ಆಕೆ ಎಐಗೆ ಬರೆದಳು, "ಟೈಲ್ಸ್ ಗೋಡೆ. ನವಿಲು ಬೇಡ."

ಚಿತ್ರ ಬಂತು. ಗೋಡೆ ತುಂಬ ನವಿಲು. ಪಕ್ಕದಲ್ಲಿ ಬಿಲ್ಲು ಹಿಡಿದು, ಮೀಸೆ ತಿರುವುತ್ತ ಒಬ್ಬ ಬೇಟೆ ಆಡೋ ಬೇಡ!

"ಅಯ್ಯ ನಿನ್ನ! ಬೇಡ ಅಂದ್ರೆ ಬೇಡನ್ನ ಕರ್ಕೊಂಡು ಬಂದೆಯಲ್ಲೋ!" ಅಂದು, "ನವಿಲೂ ಬೇಡ, ಬೇಡನೂ ಬೇಡ" ಅಂತ ಬರೆದಳು. ಈ ಸಲ ಬೇಡರ ದಂಡೇ ಬಂತು.

ಸಿಟ್ಟು ಬರಬೇಕಿತ್ತು, ನಗು ಬಂತು. ನಕ್ಕು ನಕ್ಕು ಸೆರಗಲ್ಲಿ ಕಣ್ಣೊರೆಸಿಕೊಂಡಳು. ಇಷ್ಟೊತ್ತೂ ಬರೆದದ್ದು ಎದುರಿನಾಕೆಯ ಗೋಡೆ, ತನ್ನ ಗೋಡೆ ಹೆಂಗಿರಬೇಕಂತ ತಾನೇ ಯೋಚನೆ ಮಾಡಿಲ್ಲ ಅಂತ ಆಗ ಹೊಳೀತು. ಅಡಿಗೆಮನೆ ಕಡೆ ತಿರುಗಿ, ಕಂಡದ್ದು ಕಂಡಂಗೆ ಬರೆದಳು. "ಅರಿಶಿನದ ಹಳದಿ ಗೋಡೆ. ಎಣ್ಣೆಯಲ್ಲಿ ಮಿಂದಂಗೆ ಮಿಂಚೋ ನೇರಳೆ ಬದನೆಕಾಯಿ, ಹಸಿರು ತೊಟ್ಟು. ಸುತ್ತ ಕೆಂಪು ಮೆಣಸಿನಕಾಯಿ ಅಂಚು. ನಡುವೆ ಹೆಂಚಿನ ಮೇಲೆ ಉಬ್ಬಿದ ಬಿಳಿ ರೊಟ್ಟಿ."

ಬರೆದಂಗೇ ಚಿತ್ರ ಬಂತು, ನವಿಲೂ ಇಲ್ಲ, ಬೇಡನೂ ಇಲ್ಲ. ಟೈಲ್ಸ್ ಹಚ್ಚಿದ ದಿನ ಜನ ಗೋಡೆ ನೋಡಿ ಬದನೆಕಾಯಿ ಎಣ್ಣೆಗಾಯಿ ಕೇಳಿದರು, ಎಣ್ಣೆಗಾಯಿ ಉಂಡು ಮತ್ತೆ ಗೋಡೆ ನೋಡಿದರು. ಬುಟ್ಟಿ ಖಾಲಿ ಆತು. ಎದುರಿನಾಕೆಯೂ ಬಂದು ಬಾಗಿಲಲ್ಲಿ ನಿಂತಳು.

"ನವಿಲು ನೋಡಿದ್ರೆ ಯಾರಿಗೆ ಹಸಿವಾಗ್ತೈತಿ ಅಕ್ಕಾ? ನಂಗೂ ಒಂದು ತಾಟು ಹಾಕು."

"ಬಾರೇ ನವಿಲವ್ವ, ಕುಣಿದು ದಣಿದೀಯ, ಕುಂದ್ರು. ಬಿಸಿ ರೊಟ್ಟಿ ಬಡೀತೀನಿ."

ಹಾಲಮ್ಮ ಚಪ್ಪಾಳೆ ತಟ್ಟಿ ನಕ್ಕಳು. "ತಿಳೀತು ಅಮ್ಮಾರೆ! ಇನ್ಮೇಲೆ ತಾವರೆ ಬೇಡ ಅಂತ ಬರೆಯೋದೇ ಇಲ್ಲ."

"ಮತ್ತೆ ಬರೆಯದೇ ಇರೋದನ್ನೇ ಹೇಳಿದೆಯಲ್ಲೇ ಮಗಳೇ," ಅಂದರು ಕೊಟ್ರಮ್ಮ, "ಕಟ್ಟೆ ಮೇಲೆ ಏನು ಬೇಕಂತ ಬರೀತೀ?"