ಅವಳ ಮನೆಯ ಮೊದಲ ಅಡುಗೆ

ಮಠದ ದಾಸೋಹದಲ್ಲಿ ಬಡಿಸುವ ಕೆಲಸ ನೋಡಿಕೊಳ್ಳುತ್ತಿದ್ದ ಶಿಷ್ಯನೊಬ್ಬ ಗುರುವನ್ನು ಕೇಳಿದ: "ಗುರುಗಳೇ, ದಿನವೂ ನೂರಾರು ಜನಕ್ಕೆ ಬಡಿಸುತ್ತೇನೆ. ಯಾರಿಗೂ ಒಂದು ಬಿರುಸು ಮಾತು ಆಡಿದವನಲ್ಲ. ಆದರೂ ಉಂಡವರಲ್ಲಿ ಕೆಲವರು ನನ್ನ ಮುಖ ನೋಡದೆ ಎದ್ದು ಹೋಗುತ್ತಾರೆ. ನಾನು ಕೊಡುವುದರಲ್ಲಿ ಏನು ಕೊರತೆ?"

ಗುರುಗಳು ಹೇಳಿದರು:

ಒಬ್ಬ ಬೆಲ್ಲದ ವ್ಯಾಪಾರಿಯಿದ್ದ. ಅವನ ತಮ್ಮನೂ ತಮ್ಮನ ಹೆಂಡತಿಯೂ ಒಂದೇ ವಾರದಲ್ಲಿ ಜ್ವರದಿಂದ ತೀರಿಕೊಂಡರು. ಅವರ ಮಗಳಿಗೆ ಆಗ ಐದು ವರ್ಷ. ವ್ಯಾಪಾರಿ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಮನೆಗೆ ತಂದ. ತನ್ನ ಮಕ್ಕಳಿಗೆ ತಂದ ಬಟ್ಟೆಯಲ್ಲೇ ಅವಳಿಗೂ ಹೊಲಿಸಿದ. ಊಟದಲ್ಲಿ ಭೇದ ಮಾಡಲಿಲ್ಲ.

ಬಾಗಿಲಿಗೆ ಭಿಕ್ಷುಕ ಬಂದರೆ ಹುಡುಗಿ ಒಳಗೆ ಹೋಗಿ, "ದೊಡ್ಡಮ್ಮ, ಒಂದು ಹಿಡಿ ಹಿಟ್ಟು ಹಾಕಲೇ?" ಎಂದು ಕೇಳುತ್ತಿದ್ದಳು. ದೊಡ್ಡಮ್ಮ ಒಮ್ಮೆಯೂ ಬೇಡವೆನ್ನಲಿಲ್ಲ. ಹುಡುಗಿ ಒಮ್ಮೆಯೂ ಕೇಳದೆ ಹಾಕಲಿಲ್ಲ. ಆ ಮನೆಯ ಮಕ್ಕಳು ಕೇಳದೆಯೇ ಹಾಕುತ್ತಿದ್ದರು.

ಅವಳು ಪಕ್ಕದ ಮನೆಯ ಅಜ್ಜಿಯಿಂದ ಮುತ್ತುಗದ ಎಲೆ ಹೊಲಿದು ಊಟದೆಲೆ ಮಾಡುವುದನ್ನು ಕಲಿತಳು. ಇಪ್ಪತ್ತು ತುಂಬಿದಾಗ ಬೀದಿಯ ಕೊನೆಯಲ್ಲಿ ಒಂದು ಕೋಣೆಯ ಮನೆ ಹಿಡಿದಳು.

"ಇಲ್ಲಿ ನಿನಗೆ ಏನು ಕಡಿಮೆಯಾಯಿತು, ಮಗಳೇ?" ಎಂದ ವ್ಯಾಪಾರಿ.

"ಏನೂ ಇಲ್ಲ, ದೊಡ್ಡಪ್ಪ."

"ಮತ್ತೆ?"

ಅವಳು ತನ್ನ ಬಟ್ಟೆಯ ಗಂಟು ಕಟ್ಟತೊಡಗಿದಳು.

"ನಾಲ್ಕು ಎಲೆ ಚುಚ್ಚುವುದು ಕಲಿತಳು, ಮಹಾರಾಣಿಗೆ ಬೇರೆ ಒಲೆ ಬೇಕಾಯಿತು" ಎಂದಳು ದೊಡ್ಡಮ್ಮ. ಅನ್ನುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಸೋಮವಾರ ನನ್ನ ಮನೆಗೆ ಊಟಕ್ಕೆ ಬನ್ನಿ" ಎಂದಷ್ಟೇ ಹೇಳಿ ಹುಡುಗಿ ಹೊರಟಳು. ಹದಿನೈದು ವರ್ಷ ಅವರು ಬಡಿಸಿದ್ದನ್ನು ಉಂಡಿದ್ದಳು. ತಾನು ಬಡಿಸಬೇಕು, ಅವರು ಉಣ್ಣಬೇಕು, ಒಂದೇ ಒಂದು ಸಲ. ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

ಪಾಯಸಕ್ಕೆ ಬೆಲ್ಲವನ್ನು ಅವಳು ದೂರದ ಅಂಗಡಿಯಿಂದ ತಂದಳು. ದೊಡ್ಡಪ್ಪನ ಅಂಗಡಿಯಲ್ಲಿ ಅವಳಿಂದ ದುಡ್ಡು ತೆಗೆದುಕೊಳ್ಳುವವರಿರಲಿಲ್ಲ. ಅನ್ನ ಬಸಿದಳು, ಅವರೆಕಾಳಿನ ಹುಳಿ ಮಾಡಿದಳು. ನೆಲ ಸಾರಿಸಿ, ಇರುವುದರಲ್ಲೇ ದೊಡ್ಡ ಎಲೆ ಎರಡನ್ನು ಆರಿಸಿ ಹಾಕಿದಳು. ಎಲೆಗಳಿಗೆ ನೀರು ಚಿಮುಕಿಸಿ ಬಾಗಿಲಲ್ಲಿ ನಿಂತಳು.

ಅವರು ಬಂದರು. ವ್ಯಾಪಾರಿಯ ಹೆಗಲ ಮೇಲೆ ಅಕ್ಕಿಯ ಚೀಲವಿತ್ತು. ದೊಡ್ಡಮ್ಮನ ಕೈಯಲ್ಲಿ ತೊಗರಿಬೇಳೆ, ಬೆಲ್ಲದ ಅಚ್ಚು.

"ಕೈ ತೊಳೆಯಿರಿ ದೊಡ್ಡಪ್ಪ, ಬಡಿಸುತ್ತೇನೆ."

"ಅಯ್ಯೋ, ಉಂಡೇ ಬಂದೆವು ಮಗಳೇ. ಒಬ್ಬಳೇ ಇರುವವಳು, ನಿನ್ನದನ್ನು ನಾವೇಕೆ ಖರ್ಚು ಮಾಡಿಸಬೇಕು?" ವ್ಯಾಪಾರಿ ಚೀಲವನ್ನು ಮೂಲೆಯಲ್ಲಿ ಇಳಿಸಿದ. "ಇದು ಮುಗಿದರೆ ಹೇಳಿ ಕಳಿಸು. ಸಂಕೋಚ ಬೇಡ."

"ಒಂದು ತುತ್ತಾದರೂ?"

"ಹೊಟ್ಟೆಯಲ್ಲಿ ಜಾಗವಿಲ್ಲ ತಾಯಿ" ಎಂದು ಅವನು ಹೊಟ್ಟೆ ತಟ್ಟಿಕೊಂಡು ನಕ್ಕ.

ಅವಳು ಇಬ್ಬರ ಕಾಲಿಗೂ ನಮಸ್ಕಾರ ಮಾಡಿದಳು. ಅವರು ತಲೆ ಸವರಿ ಹೊರಟರು. ಅವಳು ಎಲೆಗಳ ಮುಂದೆ ಕುಳಿತಳು. ಪಾಯಸ ಆರಿ ಕೆನೆಗಟ್ಟಿತು. ಮುಂದೆ ಬೀದಿಯಲ್ಲಿ ದೊಡ್ಡಪ್ಪ ಎದುರಾದಾಗಲೆಲ್ಲ ಅವಳು ನೆಲ ನೋಡಿಕೊಂಡು ನಡೆದಳು. ಅವಳಿಗೆ ಸೊಕ್ಕು ಬಂದಿದೆ ಎಂದು ಊರು ಮಾತಾಡಿಕೊಂಡಿತು.

ಶಿಷ್ಯ ಕೇಳಿದ: "ಆದರೆ ಗುರುಗಳೇ, ಆ ವ್ಯಾಪಾರಿ ಒಳ್ಳೆಯವನೇ ಅಲ್ಲವೇ? ಅವನು ಏನು ಕೊಡಲಿಲ್ಲ?"

"ತನ್ನ ಹಸಿವನ್ನು" ಎಂದರು ಗುರುಗಳು.