ನರಿಯಣ್ಣನ ಬೇಸಿಗೆ ಶಿಬಿರ

ಒಂದು ಕಾಡಿನಲ್ಲಿ ಮೊಲದ ಮರಿಗಳಿಗೂ ಒಂದು ಶಾಲೆಯಿತ್ತು. ಕಡವೆ ಮೇಷ್ಟ್ರು ಅಲ್ಲಿ ಕಲಿಸುತ್ತಿದ್ದುದು ಒಂದೇ ಪಾಠ, ಓಡುವುದು. ಬೇಸಿಗೆ ರಜೆ ಬಂತು. "ಮಕ್ಕಳನ್ನ ದಿನಾ ಹಳ್ಳದ ತನಕ ಓಡಿಸಿ, ಮರೀಬೇಡಿ" ಎಂದು ಮೇಷ್ಟ್ರು ತಾಯಂದಿರಿಗೆ ಹೇಳಿ ಕಳಿಸಿದರು.

ಗೌರಕ್ಕ ಎಂಬ ಮೊಲಕ್ಕೆ ಮೂರು ಮರಿಗಳು. ಮೂರೇ ದಿನಕ್ಕೆ ಅವಳಿಗೆ ಸಾಕುಸಾಕಾಯಿತು. ಬಿಲದ ತುಂಬ ಕುಣಿತ, ಕಿರುಚಾಟ. ಆಗ ಬಂದ ನೋಡಿ ನರಿಯಣ್ಣ!

"ಗೌರಕ್ಕಾ, ಆಲದ ನೆರಳಲ್ಲಿ ಬೇಸಿಗೆ ಶಿಬಿರ ಶುರು ಮಾಡಿದ್ದೀನಿ. ಮಕ್ಕಳು ಕೂತಲ್ಲೇ ಕಥೆ ಕೇಳಲಿ, ಗೆಣಸು ತಿನ್ನಲಿ. ನೀನು ಹಾಯಾಗಿ ನಿದ್ದೆ ಮಾಡು."

"ನೀನು ನರಿಯಲ್ವೇನೋ?"

"ಅಯ್ಯೋ, ಹಲ್ಲೆಲ್ಲ ಸವೆದುಹೋಗಿವೆ ಕಣಕ್ಕಾ. ಈಗ ಬರೀ ಹಣ್ಣು ತಿನ್ನೋನು ನಾನು."

ನಂಬಬಾರದಿತ್ತು. ಆದರೆ ನಿದ್ದೆ ಬೇಕಿತ್ತಲ್ಲ, ನಂಬಿದಳು.

ಮರಿಗಳು ಬೆಳಿಗ್ಗೆ ಶಿಬಿರಕ್ಕೆ ಹೋಗಿ ಸಂಜೆ ಬಿಲಕ್ಕೆ ಮರಳುತ್ತಿದ್ದವು. ಎರಡು ತಿಂಗಳು ಏನೂ ಆಗಲಿಲ್ಲ. ಮರಿಗಳು ಕೊಬ್ಬಲಿ ಎಂದೇ ನರಿ ಕಾಯುತ್ತಿದ್ದ. ಪಕ್ಕದ ಬಿಲದವರು "ಎಷ್ಟು ಗುಂಡಗೆ ಸಾಕಿದೀಯೇ!" ಎಂದರೆ ಗೌರಕ್ಕ ಉಬ್ಬಿಹೋಗುತ್ತಿದ್ದಳು. ಕಿರಿಯವಳು ಸೇವಂತಿ ಒಂದು ದಿನ, "ಅಮ್ಮಾ, ಹಳ್ಳದ ತನಕ ಓಡಿ ಬರ್ಲಾ?" ಎಂದಳು.

"ಬಿಸಿಲಲ್ಲಿ ಓಡಿದ್ರೆ ಕಪ್ಪಾಗ್ತೀಯ. ಸುಮ್ನೆ ಕೂತ್ಕೋ!" ಎಂದು ಗೌರಕ್ಕ ಗದರಿದಳು.

ರಜೆಯ ಕೊನೆಯ ದಿನ ಅವಳು ಮರಿಗಳನ್ನು ಕರೆತರಲು ಹೋದಾಗ ನರಿ ಬಾಯಿ ತೆರೆದು ನಿಂತಿದ್ದ. ಒಂದು ಹಲ್ಲೂ ಸವೆದಿರಲಿಲ್ಲ.

"ಓಡ್ರೋ!" ಎಂದು ಚೀರಿದಳು.

ದೊಡ್ಡವರಿಬ್ಬರು ಏದುಸಿರು ಬಿಡುತ್ತ ಹೇಗೋ ಪೊದೆಗೆ ನುಗ್ಗಿದರು. ಸೇವಂತಿ ಹತ್ತು ಹೆಜ್ಜೆಗೇ ಕುಸಿದಳು. "ಅಮ್ಮಾ, ಕಾಲು ಬರ್ತಿಲ್ಲ" ಎಂದಳು. ಅಷ್ಟೇ. ನರಿ ಅವಳನ್ನು ಅಲ್ಲೇ ಮುಗಿಸಿದ.

ಗಲಾಟೆ ಕೇಳಿ ಚಿರತೆ ಬಂತು. ನರಿ ಓಟ ಕಿತ್ತ. ಎರಡು ತಿಂಗಳು ಅವನೂ ಕೂತೇ ತಿಂದಿದ್ದನಲ್ಲ, ಹೊಟ್ಟೆ ನೆಲಕ್ಕೆ ತಾಗುತ್ತಿತ್ತು. ಆಲದ ಬೇರು ದಾಟುವ ಮೊದಲೇ ಚಿರತೆಯ ಬಾಯಿಗೆ ಬಿದ್ದ. ಆ ಪಾಪಿಗೆ ತಕ್ಕ ಶಾಸ್ತಿಯಾಯಿತು, ನಿಜ. ಅದರಿಂದ ಸೇವಂತಿಯೇನೂ ಎದ್ದು ಬರಲಿಲ್ಲ.

ಶಾಲೆ ತೆರೆಯಿತು. ಮೇಷ್ಟ್ರು ಹಾಜರಿ ಕರೆದರು. ಸೇವಂತಿಯ ಹೆಸರಿಗೆ ಯಾರೂ ಓಗೊಡಲಿಲ್ಲ.

"ರಜೆಯಲ್ಲಿ ಮಕ್ಕಳ ಕೈಲಿ ಏನು ಮಾಡಿಸಿದೆಯಮ್ಮಾ?" ಎಂದು ಮೇಷ್ಟ್ರು ಮರಿಗಳನ್ನು ಬಿಡಲು ಬಂದಿದ್ದ ಗೌರಕ್ಕನನ್ನು ಕೇಳಿದರು.

ಗೌರಕ್ಕ ತಲೆಯೆತ್ತಲಿಲ್ಲ. "ಕೂರಿಸಿದೆ, ಮೇಷ್ಟ್ರೇ" ಎಂದಳು. "ಬರೀ ಕೂರಿಸಿದೆ."

ನೀತಿ: ಮಕ್ಕಳು ರಜೆಯಲ್ಲೂ ಓಡಿ ಆಡಬೇಕು. ನಮ್ಮ ನೆಮ್ಮದಿಗಾಗಿ ಅವರನ್ನು ಕೂರಿಸಿದರೆ ಅದರ ಬೆಲೆ ತೆರುವವರು ಅವರೇ.